ಶ್ರೀಲಂಕೆಯ ಪ್ರಸೂತಿ ದಾದಿಯೂ ನಮ್ಮ ಬೆಟ್ಟದ ಡೋಲಿಯೂ

ಕಳೆದ ಕ್ರಿಸ್ತಜಯಂತಿಯ ರಜೆಯಲ್ಲಿ ಕುವೈತ್‌ನಿಂದ ಊರಿಗೆ ಬಂದಿದ್ದ, ಹನೂರು ಕಡೆಯ ಕುಟುಂಬವೊಂದರ ಹೆಣ್ಣುಮಗಳೊಡನೆ ಮಾತನಾಡುವ ಅವಕಾಶ ನಮಗೆ ಒದಗಿತು. ಆಕೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ದಾದಿ. ಹೆಂಚಿನ ಮನೆಗೆ ತಾರಸಿ ಬಂದದ್ದು, ತಮ್ಮನ ಓದು ಮುಂದುವರಿದದ್ದು, ತಂದೆ ಕೊಳವೆಬಾವಿಗೆಂದು ಮಾಡಿದ್ದ ಸಾಲ ತೀರಿದ್ದು ಎಲ್ಲವೂ ಆಕೆಯ ದುಡಿಮೆಯಿಂದ. ಇಂತಹ ಮನೆಗಳಲ್ಲಿ ಊಟದ ಹೊತ್ತಿನ ಮಾತು ಎತ್ತ ಹೊರಳುತ್ತದೆಂಬುದು ನಮ್ಮ ಓದುಗರಿಗೆ ತಿಳಿದದ್ದೇ. ಅಲ್ಲಿ ಕರೆಂಟು ಹೋಗುವುದಿಲ್ಲ, ರಸ್ತೆಯಲ್ಲಿ ಗುಂಡಿಗಳಿಲ್ಲ, ನಲ್ಲಿ ತಿರುಗಿಸಿದರೆ ನೀರು, ಇಲ್ಲಿ ಏನಿದೆ ಎಂಬ ಪಟ್ಟಿ ಬೆಳೆಯುತ್ತಾ ಹೋಯಿತು. ಆಗ ಆಕೆ ಬೇರೆಯೇ ಒಂದು ಸಂಗತಿಯನ್ನು ಹೇಳಿದಳು.

ಆಕೆಯ ವಾರ್ಡಿನಲ್ಲಿ ನೆಲ ಒರೆಸುವ ಹೆಂಗಸು ಶ್ರೀಲಂಕೆಯವಳು. ಸಂಬಳ ಇವಳದರ ಕಾಲು ಭಾಗವೂ ಇಲ್ಲ. ಒಮ್ಮೆ ಮಾತಿಗೆ ಮಾತು ಬೆಳೆದು ಹೆರಿಗೆಯ ವಿಚಾರ ಬಂತು. ಆ ಹೆಂಗಸಿಗೆ ಮೂವರು ಮಕ್ಕಳು. ಪ್ರತಿ ಬಸಿರಿನಲ್ಲೂ ಸರ್ಕಾರದ ಪ್ರಸೂತಿ ದಾದಿ ಮನೆಗೇ ಬಂದು ನೋಡಿ ಹೋಗಿದ್ದಾಳೆ, ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಿದೆ, ಬಾಣಂತನದಲ್ಲೂ ಅದೇ ದಾದಿ ಬಂದು ಮಗುವನ್ನು ತೂಗಿ ನೋಡಿದ್ದಾಳೆ. ಇದಕ್ಕೆಲ್ಲ ಕೈಯಿಂದ ಖರ್ಚಾಗಿಲ್ಲ. ಇದೊಂದು ವಿಶೇಷವೆಂದು ಆ ಹೆಂಗಸಿಗೆ ತೋರಿರಲೇ ಇಲ್ಲ. "ನಮ್ಮಮ್ಮ ನನ್ನನ್ನು ಹೆತ್ತದ್ದು ಜೀಪಿನಲ್ಲಿ, ಕೌದಳ್ಳಿ ದಾಟಿದ ಮೇಲೆ. ಅದನ್ನು ಹೇಳಿದಾಗ ಅವಳು, ನಿಮ್ಮ ದೇಶ ಅಷ್ಟು ಬಡದೇಶವಾ ಅಂತ ಕೇಳಿದಳು" ಎಂದು ನಮ್ಮ ಹುಡುಗಿ ನಕ್ಕಳು. ತಾಯಿ ನಗಲಿಲ್ಲ.

ಎರಡು ದೇಶಗಳ ಜೀವನಮಟ್ಟವನ್ನು ತೂಗಿ ನೋಡುವಾಗ ನಾವು ಸಾಮಾನ್ಯವಾಗಿ ತಕ್ಕಡಿಯ ಆ ಕಡೆಗೆ ಇಡುವುದು ಕುವೈತನ್ನೋ ದುಬೈಯನ್ನೋ, ಈಚೆಗೆ ಐರ್ಲೆಂಡನ್ನೋ. ಈ ಹೋಲಿಕೆಯಿಂದ ಆಸೆ ಹುಟ್ಟುತ್ತದೆ, ಕೆಲವೊಮ್ಮೆ ಅಸಮಾಧಾನ ಹುಟ್ಟುತ್ತದೆ, ಕಲಿಕೆ ಮಾತ್ರ ಹುಟ್ಟುವುದಿಲ್ಲ. ಕುವೈತ್‌ನ ನೆಲದಡಿಯಲ್ಲಿ ಎಣ್ಣೆ ಇದೆ, ನಮ್ಮ ನೆಲದಡಿಯಲ್ಲಿ ಕರಿಕಲ್ಲು ಇದೆ. ಆ ಎಣ್ಣೆಯ ಸುಖವಾದರೂ ಅಲ್ಲಿ ದುಡಿಯುವ ಎಲ್ಲರಿಗೂ ದಕ್ಕುವಂಥದ್ದಲ್ಲ. ೨೦೨೪ರ ಜೂನ್ ೧೨ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಐವತ್ತರ ಸಮೀಪ ಜನ ಸತ್ತರು. ಅವರಲ್ಲಿ ಬಹುಪಾಲು ಮಂದಿ ಭಾರತೀಯರು. ಒಂದು ದೇಶದ ತಲಾ ಆದಾಯ ಎಷ್ಟೇ ಇರಲಿ, ಅದರೊಳಗೆ ನಾವು ಯಾವ ಕೋಣೆಯಲ್ಲಿ ಮಲಗುತ್ತೇವೆ ಎಂಬುದು ಬೇರೆ ಲೆಕ್ಕ.

ಶ್ರೀಲಂಕೆಯ ವಿಷಯ ಹಾಗಲ್ಲ. ಅದರ ವಿಸ್ತೀರ್ಣ ಕರ್ನಾಟಕದ ಸರಿಸುಮಾರು ಮೂರನೇ ಒಂದು ಪಾಲು, ಜನಸಂಖ್ಯೆಯೂ ಹಾಗೆಯೇ ಮೂರನೇ ಒಂದು ಪಾಲು. ನಮ್ಮಂತೆಯೇ ಭತ್ತ, ತೆಂಗು, ಕೆರೆಗಳ ನಾಡು. ನಮ್ಮಂತೆಯೇ ಬ್ರಿಟಿಷರ ಆಳ್ವಿಕೆ ಕಂಡು, ನಮ್ಮ ಮರುವರ್ಷ ೧೯೪೮ರಲ್ಲಿ ಸ್ವತಂತ್ರವಾಯಿತು. ಚಹಾ ಮತ್ತು ರಬ್ಬರಿನ ರಫ್ತಿನಿಂದಾಗಿ ಆಗ ಅದು ನಮಗಿಂತ ತುಸು ಅನುಕೂಲವಾಗಿತ್ತೆಂಬುದನ್ನು ಒಪ್ಪಲೇಬೇಕು. ಇಂದಿಗೂ ಅಲ್ಲಿನ ತಲಾ ಆದಾಯ ನಮಗಿಂತ ಹೆಚ್ಚು. ಆದರೆ ಕುವೈತ್‌ನ ಹಾಗೆ ಕೈಗೆಟುಕದ ಎತ್ತರವೇನೂ ಅಲ್ಲ. ವಿಶ್ವಬ್ಯಾಂಕಿನ ೨೦೨೩ರ ಲೆಕ್ಕದಲ್ಲಿ ಭಾರತದ್ದು ೨,೫೦೦ ಡಾಲರಿನ ಆಸುಪಾಸು, ಶ್ರೀಲಂಕೆಯದು ೩,೮೦೦ರ ಆಸುಪಾಸು.

ಹಣದಾಚೆಗಿನ ಲೆಕ್ಕ ನೋಡಿದರೆ ಅಂತರದ ಸ್ವರೂಪವೇ ಬದಲಾಗುತ್ತದೆ. ಬರಿಯ ಆದಾಯದಿಂದ ದೇಶವನ್ನು ಅಳೆಯುವುದು ಸಾಲದೆಂದು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್, ನಮ್ಮವರೇ ಆದ ಅಮರ್ತ್ಯ ಸೇನ್ ಅವರ ನೆರವಿನೊಂದಿಗೆ, ಮಾನವ ಅಭಿವೃದ್ಧಿ ಸೂಚ್ಯಂಕವೆಂಬ ಅಳತೆಗೋಲನ್ನು ರೂಪಿಸಿದರು. ಅದು ವಿಶ್ವಸಂಸ್ಥೆಯ ವರದಿಯಾಗಿ ಮೊದಲು ಹೊರಬಂದದ್ದು ೧೯೯೦ರಲ್ಲಿ. ಜನ ಎಷ್ಟು ಕಾಲ ಬದುಕುತ್ತಾರೆ, ಎಷ್ಟು ಓದುತ್ತಾರೆ, ಎಷ್ಟು ಗಳಿಸುತ್ತಾರೆ ಎಂಬ ಮೂರನ್ನೂ ಅದು ಸೇರಿಸಿ ನೋಡುತ್ತದೆ. ೨೦೨೫ರ ವರದಿಯಲ್ಲಿ ೧೯೩ ದೇಶಗಳ ಪೈಕಿ ಭಾರತ ೧೩೦ನೆಯ ಸ್ಥಾನದಲ್ಲಿದೆ, ಶ್ರೀಲಂಕೆ ೮೯ನೆಯ ಸ್ಥಾನದಲ್ಲಿದೆ. ಭಾರತೀಯನ ನಿರೀಕ್ಷಿತ ಜೀವಿತಾವಧಿ ೭೨ ವರ್ಷ, ಶ್ರೀಲಂಕೆಯವನದು ಅದಕ್ಕಿಂತ ಐದು ವರ್ಷ ಹೆಚ್ಚು. ನಮ್ಮ ವಯಸ್ಕರು ಸರಾಸರಿ ಏಳು ವರ್ಷ ಶಾಲೆಯಲ್ಲಿ ಕಳೆದಿದ್ದರೆ ಅಲ್ಲಿಯವರು ಹತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದಾರೆ. ನಮ್ಮಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ೨೫ ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತವೆಂದು ೨೦೨೩ರ ಗಣನೆ ಹೇಳುತ್ತದೆ. ಅಲ್ಲಿ ಆ ಸಂಖ್ಯೆ ಹತ್ತಕ್ಕಿಂತಲೂ ಕಡಿಮೆ.

ತಾಯಂದಿರ ಮರಣದ ಲೆಕ್ಕವನ್ನೂ ಇಲ್ಲಿ ಇಡುತ್ತೇವೆ. ೨೦೧೮-೨೦ರ ಅವಧಿಯಲ್ಲಿ ಭಾರತದಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ ೯೭ ತಾಯಂದಿರು ಸತ್ತರು. ಕರ್ನಾಟಕದಲ್ಲಿ ೬೯, ಪಕ್ಕದ ತಮಿಳುನಾಡಿನಲ್ಲಿ ೫೪, ಕೇರಳದಲ್ಲಿ ೧೯. ಶ್ರೀಲಂಕೆಯ ಸಂಖ್ಯೆ ಸಾಮಾನ್ಯ ವರ್ಷಗಳಲ್ಲಿ ಮೂವತ್ತರ ಆಸುಪಾಸಿನದು. ನಮ್ಮ ಪ್ರಗತಿಯನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಈ ಸಂಖ್ಯೆ ಇನ್ನೂರನ್ನು ಮೀರಿತ್ತು. ೨೦೦೫ರ ಜನನಿ ಸುರಕ್ಷಾ ಯೋಜನೆ, ೨೦೦೮ರಲ್ಲಿ ಬಂದ ೧೦೮ ಆಂಬುಲೆನ್ಸ್, ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯರು ಇವರೆಲ್ಲರ ದುಡಿಮೆ ಅದರ ಹಿಂದಿದೆ. ಆದರೂ ಪಕ್ಕದ ಪುಟ್ಟ ದ್ವೀಪ ಬಹಳ ಮೊದಲೇ ಈ ಹಾದಿ ಸವೆಸಿದ್ದು ಹೇಗೆಂಬ ಪ್ರಶ್ನೆ ಉಳಿಯುತ್ತದೆ.

ಅದರ ಉತ್ತರಕ್ಕಾಗಿ ಸುಮಾರು ನೂರು ವರ್ಷ ಹಿಂದೆ ಹೋಗಬೇಕು. ೧೯೨೬ರಲ್ಲಿ ಕೊಲಂಬೊದ ದಕ್ಷಿಣಕ್ಕಿರುವ ಕಲುತರದಲ್ಲಿ ಮೊದಲ ಆರೋಗ್ಯ ಘಟಕ ಆರಂಭವಾಯಿತು. ಒಂದು ಗೊತ್ತಾದ ಪ್ರದೇಶ, ಅದಕ್ಕೊಬ್ಬ ವೈದ್ಯಾಧಿಕಾರಿ, ಅವನ ಕೆಳಗೆ ನೈರ್ಮಲ್ಯ ಪರಿವೀಕ್ಷಕರು, ಮನೆಮನೆಗೆ ಹೋಗುವ ತರಬೇತಿ ಪಡೆದ ಪ್ರಸೂತಿ ದಾದಿಯರು. ಯೋಜನೆ ಇಷ್ಟೇ. ರೋಗಿ ಆಸ್ಪತ್ರೆಗೆ ಬರುವುದನ್ನು ಕಾಯದೆ ಆಸ್ಪತ್ರೆಯೇ ಮನೆಗೆ ಹೋಗಬೇಕೆಂಬುದು ಅದರ ತಿರುಳು. ಇದನ್ನು ಕ್ರಮೇಣ ಇಡೀ ದ್ವೀಪಕ್ಕೆ ವಿಸ್ತರಿಸಲಾಯಿತು. ಸುಮಾರು ೩,೦೦೦ ಜನಕ್ಕೆ ಒಬ್ಬ ದಾದಿ, ಅವಳು ತನ್ನ ಪ್ರದೇಶದಲ್ಲೇ ವಾಸಿಸಬೇಕು ಎಂಬುದು ಅಲ್ಲಿನ ರೂಢಿಯಾಯಿತು.

ಇಂತಹ ಬೀಜ ನಮ್ಮಲ್ಲಿ ಬಿತ್ತಿರಲಿಲ್ಲವೇ? ಬಿತ್ತಿತ್ತು. ಮೈಸೂರು ಸಂಸ್ಥಾನದವರು ಮೂವತ್ತರ ದಶಕದಲ್ಲಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ, ಅಂದು ಕ್ಲೋಸ್‌ಪೇಟೆಯೆನ್ನುತ್ತಿದ್ದ ರಾಮನಗರದಲ್ಲಿ ಇಂಥದ್ದೇ ಒಂದು ಆರೋಗ್ಯ ಘಟಕವನ್ನು ಸ್ಥಾಪಿಸಿದ್ದರು. ಅದು ಮಾದರಿಯೆಂದು ಹೆಸರಾಯಿತು. ಮಾದರಿಯಾಗಿಯೇ ಉಳಿಯಿತು ಎಂದರೆ ತಪ್ಪಾಗಲಾರದು. ನಮ್ಮ ನಾಡಿನಲ್ಲಿ ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ಕೇಂದ್ರಗಳಿಗೆ ಎಂದೂ ಕೊರತೆಯಿಲ್ಲ.

ಶ್ರೀಲಂಕೆಯಲ್ಲಿ ಅದು ಮಾದರಿಯ ಮಟ್ಟದಲ್ಲೇ ನಿಲ್ಲದಿದ್ದುದಕ್ಕೆ ಒಂದು ರಾಜಕೀಯ ಕಾರಣವೂ ಇತ್ತು. ೧೯೩೧ರಲ್ಲೇ ಆ ದೇಶದಲ್ಲಿ ಸ್ತ್ರೀಯರೂ ಸೇರಿ ವಯಸ್ಕರಿಗೆ ಮತದಾನದ ಹಕ್ಕು ದೊರೆಯಿತು. ನಾವು ಅದನ್ನು ಪಡೆಯಲು ಸಂವಿಧಾನದವರೆಗೆ ಕಾಯಬೇಕಾಯಿತು. ಹಳ್ಳಿಯ ಹೆಂಗಸಿನ ಮತ ಬೇಕೆಂದಾಗ ಹಳ್ಳಿಯ ಹೆರಿಗೆ ರಾಜಕೀಯದ ವಿಷಯವಾಗುತ್ತದೆ. ೧೯೩೦ರ ದಶಕದ ಮಧ್ಯದಲ್ಲಿ ಮಲೇರಿಯಾ ಸಾಂಕ್ರಾಮಿಕ ಆ ದ್ವೀಪದಲ್ಲಿ ಅಪಾರ ಜನರನ್ನು ಬಲಿ ತೆಗೆದುಕೊಂಡ ಮೇಲಂತೂ ಗ್ರಾಮೀಣ ಆಸ್ಪತ್ರೆಗಳ ಬೇಡಿಕೆಯನ್ನು ಯಾವ ಮಂತ್ರಿಯೂ ತಳ್ಳಿಹಾಕುವಂತಿರಲಿಲ್ಲ. ೧೯೪೬ರಲ್ಲಿ ಸಾವಿರಕ್ಕೆ ೨೦ ಇದ್ದ ಮರಣ ಪ್ರಮಾಣ ಒಂದೇ ವರ್ಷದಲ್ಲಿ ೧೪ಕ್ಕೆ ಇಳಿಯಿತು. ಡಿಡಿಟಿ ಸಿಂಪರಣೆಯ ಫಲವೆಷ್ಟು, ಆಸ್ಪತ್ರೆಗಳ ಫಲವೆಷ್ಟು ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ೨೦೧೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕೆಯನ್ನು ಮಲೇರಿಯಾ ಮುಕ್ತ ದೇಶವೆಂದು ಘೋಷಿಸಿತು. ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಚಳಿಜ್ವರವೆಂದರೆ ಏನೆಂದು ಬಲ್ಲ ಹಿರಿಯರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಶಿಕ್ಷಣದ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಶಿಕ್ಷಣ ಮಂತ್ರಿಯಾಗಿದ್ದ ಸಿ. ಡಬ್ಲ್ಯೂ. ಡಬ್ಲ್ಯೂ. ಕನ್ನಂಗರ ಅವರ ಪ್ರಯತ್ನದಿಂದ ೧೯೪೫ರಲ್ಲಿ ಬಾಲವರ್ಗದಿಂದ ವಿಶ್ವವಿದ್ಯಾಲಯದವರೆಗೆ ಉಚಿತ ಶಿಕ್ಷಣ ಜಾರಿಗೆ ಬಂತು. ೧೯೬೦-೬೧ರಲ್ಲಿ ಅನುದಾನಿತ ಶಾಲೆಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಅಲ್ಲಿನ ಕಥೋಲಿಕರು ಬಲವಾಗಿ ಪ್ರತಿಭಟಿಸಿದರು, ತಮ್ಮ ಶಾಲೆಗಳೊಳಗೇ ಉಳಿದು ಕಾವಲು ಕಾದರು. ಅವರ ನೋವು ನಮಗೆ ಅರ್ಥವಾಗುವಂಥದ್ದು. ಹಾಗೆಯೇ, ಶುಲ್ಕ ತೆರಲಾರದ ರೈತನ ಮಗಳು ವೈದ್ಯೆಯಾದದ್ದು ಆ ಉಚಿತ ಶಿಕ್ಷಣದಿಂದಲೇ ಎಂಬುದನ್ನೂ ನಾವು ಹೇಳದೆ ಇರಲಾರೆವು.

ಇಷ್ಟು ಓದಿದ ಮೇಲೆ ಕೆಲವರಾದರೂ ಹುಬ್ಬೇರಿಸಿರಬೇಕು. ದಿವಾಳಿಯೆದ್ದ ದೇಶವನ್ನು ನಮಗೆ ಆದರ್ಶವೆಂದು ತೋರಿಸುತ್ತಿದ್ದೀರಾ ಎಂದು ಅವರು ಕೇಳುವುದು ನ್ಯಾಯವೇ. ೨೦೨೨ರ ಏಪ್ರಿಲ್‌ನಲ್ಲಿ ಶ್ರೀಲಂಕೆ ವಿದೇಶಿ ಸಾಲದ ಕಂತು ಕಟ್ಟಲಾರೆನೆಂದು ಕೈಚೆಲ್ಲಿತು. ಪೆಟ್ರೋಲ್ ಬಂಕುಗಳ ಮುಂದೆ ದಿನಗಟ್ಟಲೆ ಸಾಲು ನಿಂತಿತು. ಅಡುಗೆ ಅನಿಲವಿಲ್ಲ, ಹಾಲಿನ ಪುಡಿಯಿಲ್ಲ, ಪ್ರಶ್ನೆಪತ್ರಿಕೆ ಮುದ್ರಿಸಲು ಕಾಗದವಿಲ್ಲದೆ ಶಾಲಾ ಪರೀಕ್ಷೆಗಳನ್ನೇ ಮುಂದೂಡಿದರು. ಸೆಪ್ಟೆಂಬರ್ ವೇಳೆಗೆ ಬೆಲೆಯೇರಿಕೆ ವರ್ಷದ ಹಿಂದಿನದಕ್ಕಿಂತ ಶೇ. ೭೦ರ ಹತ್ತಿರ ಮುಟ್ಟಿತ್ತು. ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಓಡಿದರು. ನಾಲ್ವರಲ್ಲಿ ಒಬ್ಬರು ಬಡತನದ ರೇಖೆಯ ಕೆಳಗೆ ಜಾರಿದರೆಂದು ವಿಶ್ವಬ್ಯಾಂಕ್ ಅಂದಾಜು ಮಾಡಿತು. ೨೦೧೯ರ ಕೊನೆಯಲ್ಲಿ ತೆರಿಗೆಗಳನ್ನು ವಿವೇಚನೆಯಿಲ್ಲದೆ ಇಳಿಸಿದ್ದು, ೨೦೨೧ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ ಭತ್ತದ ಇಳುವರಿಯನ್ನು ಹಾಳುಮಾಡಿದ್ದು, ವರ್ಷಗಳಿಂದ ಸಾಲದ ಮೇಲೆ ಸಾಲ ಮಾಡುತ್ತ ಬಂದದ್ದು ಇವೆಲ್ಲ ಸೇರಿ ಆದ ಅನಾಹುತವದು. ಪ್ರವಾಸೋದ್ಯಮವನ್ನು ಮೊದಲೇ ಕೋವಿಡ್ ನೆಲಕಚ್ಚಿಸಿತ್ತು.

ಈ ಪತನಕ್ಕೆ ಪ್ರಸೂತಿ ದಾದಿಯ ಸಂಬಳ ಕಾರಣವಲ್ಲ ಎಂಬುದನ್ನು ಗಮನಿಸಬೇಕು. ಆರೋಗ್ಯಕ್ಕಾಗಿ ಆ ದೇಶ ಎಂದೂ ಅತಿಯಾಗಿ ವ್ಯಯಿಸಿದ್ದಿಲ್ಲ. ಆದರೆ ಪತನದ ಪೆಟ್ಟು ಆಸ್ಪತ್ರೆಗೂ ಬಿತ್ತು. ಔಷಧಗಳ ಬಹುಪಾಲು ಆಮದಾಗಬೇಕಾದ್ದರಿಂದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ವೈದ್ಯರು, ದಾದಿಯರು ವಿದೇಶಗಳಿಗೆ ಹೊರಟರು. ಕುವೈತ್‌ನಲ್ಲಿ ನಮ್ಮ ಹುಡುಗಿ ಕಂಡ ಆ ಹೆಂಗಸಿನಂತಹ ಸಾವಿರಾರು ಮಂದಿ ಅದಕ್ಕೂ ಮೊದಲೇ ಕೊಲ್ಲಿ ದೇಶಗಳಲ್ಲಿ ಮನೆಗೆಲಸಕ್ಕೆ ನಿಂತಿದ್ದರು. ಅವಳು ಓದಿದ್ದಾಳೆ, ಆರೋಗ್ಯವಾಗಿದ್ದಾಳೆ, ಮಕ್ಕಳು ಬದುಕಿದ್ದಾರೆ, ಆದರೆ ಊರಿನಲ್ಲಿ ಸಂಪಾದನೆಯ ದಾರಿಯಿಲ್ಲ. ನಮ್ಮಲ್ಲಿ ಬೆಳವಣಿಗೆಯ ವೇಗವಿದೆ, ಬೆಂಗಳೂರಿನಂತಹ ನಗರವಿದೆ, ಅಲ್ಲಿ ಹನೂರಿನ ಹುಡುಗನಿಗೂ ಏನಾದರೊಂದು ಕೆಲಸ ಸಿಕ್ಕುತ್ತದೆ. ಸಂಪಾದನೆಯಲ್ಲಿ ಅವರು ಸೋತರು, ಆಯುಸ್ಸಿನಲ್ಲಿ ನಾವು ಹಿಂದುಳಿದೆವು. ಎರಡನ್ನೂ ಒಂದೇ ಸೂಚ್ಯಂಕದಲ್ಲಿ ಕೂಡಿಸಿ ಬರೆಯುವಾಗ ಈ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗುತ್ತದೆ.

ಸರಾಸರಿಯ ಮರೆಯಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಶ್ರೀಲಂಕೆಯ ಚಹಾ ತೋಟಗಳಲ್ಲಿ ದುಡಿಯುವ, ತಮಿಳು ಸೀಮೆಯಿಂದ ಹೋದ ಕಾರ್ಮಿಕರ ಕಥೆಯದು. ಸ್ವಾತಂತ್ರ್ಯ ಬಂದ ೧೯೪೮ರಲ್ಲೇ ಪೌರತ್ವ ಕಾನೂನು ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ೧೯೬೪ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಒಪ್ಪಂದವಾಗಿ ೫.೨೫ ಲಕ್ಷ ಜನರನ್ನು ಭಾರತ ಸ್ವೀಕರಿಸಬೇಕೆಂದಾಯಿತು. ಹಾಗೆ ಬಂದವರಲ್ಲಿ ಕೆಲವರನ್ನು ನಮ್ಮ ರಾಜ್ಯದಲ್ಲೂ, ದಕ್ಷಿಣ ಕನ್ನಡದ ಸುಳ್ಯ ಮತ್ತು ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಅಲ್ಲಿಯೇ ಉಳಿದವರಿಗೆ ಪೌರತ್ವದ ಪ್ರಶ್ನೆ ಪೂರ್ತಿಯಾಗಿ ಬಗೆಹರಿದದ್ದು ೨೦೦೩ರ ಕಾನೂನಿನಿಂದ. ಕೊಡಗಿನ ತೋಟಗಳಿಗೆ ಕೂಲಿಗೆ ಹೋಗಿ ಬಂದ ನಮ್ಮ ಜನರಿಗೆ ಲೈನ್ ಮನೆ ಎಂದರೆ ಏನೆಂದು ಗೊತ್ತು. ಆ ದ್ವೀಪದ ಲೈನ್ ಮನೆಗಳಲ್ಲಿ ಶಾಲೆಯೂ ದಾದಿಯೂ ಬಹಳ ತಡವಾಗಿ ಬಂದರು, ಮಕ್ಕಳ ತೂಕ ದ್ವೀಪದ ಉಳಿದ ಮಕ್ಕಳಿಗಿಂತ ಕಡಿಮೆಯೇ ಇತ್ತು. ದೇಶ ೮೯ನೆಯ ಸ್ಥಾನದಲ್ಲಿದ್ದರೂ ಆ ಮನೆಗಳು ಅಲ್ಲಿಲ್ಲ.

ಲೈನ್ ಮನೆಯ ಮಾತು ಬಂದಮೇಲೆ ನಮ್ಮ ಮೂರು ತಾಲ್ಲೂಕುಗಳ ಮಾತಿಗೆ ಬರಲೇಬೇಕು. ಎರಡು ಆಡಳಿತಗಳನ್ನು ಹೋಲಿಸುವುದು ನಮ್ಮ ಅಜ್ಜಂದಿರಿಗೆ ಹೊಸತೇನಾಗಿರಲಿಲ್ಲ. ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಹನೂರು ಅದರೊಳಗೇ ಇತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಯಳಂದೂರು ಮೈಸೂರಿನದು. ಇಂದು ಬಸ್ಸಿನಲ್ಲಿ ಒಂದು ಗಂಟ��ಯೂ ಹಿಡಿಯದ ದಾರಿಯಲ್ಲಿ ಅಂದು ಸರ್ಕಾರವೇ ಬದಲಾಗುತ್ತಿತ್ತು. ಮೂರೂ ಈಗ ಒಂದೇ ಜಿಲ್ಲೆಯಲ್ಲಿವೆ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. ೭೫ ಇದ್ದಾಗ ಚಾಮರಾಜನಗರ ಜಿಲ್ಲೆಯದು ಶೇ. ೬೧. ಯಾದಗಿರಿ ಮತ್ತು ರಾಯಚೂರುಗಳನ್ನು ಬಿಟ್ಟರೆ ಇದೇ ಕೊನೆಯದು. ಉತ್ತರದ ಜಿಲ್ಲೆಗಳ ಹಿಂದುಳಿದಿರುವಿಕೆಯ ಬಗ್ಗೆ ವಿಧಾನಸೌಧದಲ್ಲಿ ಕೇಳುವಷ್ಟು ಮಾತು, ಮೈಸೂರಿನ ಮಗ್ಗುಲಲ್ಲಿರುವ ನಮ್ಮ ಬಗ್ಗೆ ಕೇಳಿಬರುವುದಿಲ್ಲ.

೨೦೨೪ರ ಏಪ್ರಿಲ್ ೨೬ರಂದು ಲೋಕಸಭಾ ಚುನಾವಣೆಯ ದಿನ ಬೆಟ್ಟದ ಇಂಡಿಗನತ್ತದಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ರಸ್ತೆ, ನೀರು, ಬೆಳಕು ಇಲ್ಲದೆ ಮತವಿಲ್ಲವೆಂದು ಊರವರು ಬಹಿಷ್ಕಾರ ಹೂಡಿದರು. ಮತ ಹಾಕಿಸಲು ಅಧಿಕಾರಿಗಳು ಮುಂದಾದಾಗ ಜಗಳವೆದ್ದು ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಪುಡಿಯಾಯಿತು. ಮೂರು ದಿನದ ಮೇಲೆ ಮರುಮತದಾನ ನಡೆಸಿದರೂ ಹೆಚ್ಚಿನವರು ಬರಲಿಲ್ಲ. ಮೊಕದ್ದಮೆಗಳು ಬಿದ್ದವು. ಮತಯಂತ್ರ ಒಡೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಮತಯಂತ್ರವನ್ನು ಹೊತ್ತ ಸಿಬ್ಬಂದಿ ತಲುಪಬಲ್ಲ ಊರಿಗೆ ಪ್ರಸೂತಿ ದಾದಿಯೇಕೆ ತಲುಪಲಾರಳು ಎಂದು ಅಲ್ಲಿಯವರು ಕೇಳಿದರೆ ಏನು ಹೇಳುವುದು? ೨೦೨೨ರಲ್ಲಿ ದೊಡ್ಡಾಣೆಯ ಗರ್ಭಿಣಿಯೊಬ್ಬರನ್ನು ಊರಿನ ಹೆಂಗಸರೇ ಡೋಲಿ ಕಟ್ಟಿ, ರಾತ್ರಿಯ ಕಾಡುದಾರಿಯಲ್ಲಿ ಸುಳ್ವಾಡಿಯವರೆಗೆ ಹೊತ್ತು ತಂದಿದ್ದರು. ಅದು ಮೊದಲ ಡೋಲಿಯೂ ಅಲ್ಲ, ಕೊನೆಯದೂ ಅಲ್ಲ.

ಸುಳ್ವಾಡಿಗೆ ಬಂದರೂ ದಾರಿ ಮುಗಿಯುವುದಿಲ್ಲ. ೨೦೧೮ರ ಡಿಸೆಂಬರ್ ೧೪ರಂದು ಅಲ್ಲಿನ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ೧೭ ಜನ ಸತ್ತರು. ನೂರಕ್ಕೂ ಹೆಚ್ಚು ಜನರನ್ನು ಸಿಕ್ಕಿದ ವಾಹನಗಳಲ್ಲಿ ತುಂಬಿಕೊಂಡು ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ ಸಾಗಿಸಬೇಕಾಯಿತು. ವಿಷವಿಕ್ಕಿದವರ ಅಪರಾಧ ಅವರದು. ಕೃತಕ ಉಸಿರಾಟದ ಯಂತ್ರಕ್ಕಾಗಿ ಮೈಸೂರಿನವರೆಗೆ ಓಡಬೇಕಾಗಿ ಬಂದದ್ದು ಬೇರೆಯದೇ ವಿಚಾರ. ಆ ದಿನ ಮಾರ್ಟಳ್ಳಿಯ ನಮ್ಮ ಕುಟುಂಬಗಳೂ ಅದನ್ನು ಕಣ್ಣಾರೆ ಕಂಡವು.

ಕಾಗದದ ಮೇಲೆ ನಮ್ಮ ಲೆಕ್ಕ ಶ್ರೀಲಂಕೆಗಿಂತ ಕಡಿಮೆಯಿಲ್ಲ. ಗುಡ್ಡಗಾಡಿನಲ್ಲಿ ೩,೦೦೦ ಜನಕ್ಕೊಂದು ಆರೋಗ್ಯ ಉಪಕೇಂದ್ರ, ಅದಕ್ಕೊಬ್ಬ ಆರೋಗ್ಯ ಸಹಾಯಕಿ ಎಂದು ನಮ್ಮ ನಿಯಮವೂ ಹೇಳುತ್ತದೆ. ಆದರೆ ಬೆಟ್ಟದ ಊರುಗಳು ಚಿಕ್ಕವು, ಚದುರಿದವು. ಮೂರು ಸಾವಿರ ತಲೆ ಎಣಿಸಬೇಕಾದರೆ ಎಷ್ಟು ಕಣಿವೆ ದಾಟಬೇಕೆಂದು ನಿಯಮ ಬರೆದವರು ಯೋಚಿಸಿದಂತಿಲ್ಲ. ಮಲೆ ಮಹದೇಶ್ವರ ಅರಣ್ಯ ೨೦೧೩ರಲ್ಲಿ ವನ್ಯಜೀವಿಧಾಮವಾದ ಮೇಲೆ ರಸ್ತೆಗೆ ಒಂದು ಬುಟ್ಟಿ ಜಲ್ಲಿ ಹಾಕಲೂ ಅನುಮತಿ ಬೇಕು. ಕಾಡು ಉಳಿಯಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಕಾಡನ್ನು ಉಳಿಸುವ ವೆಚ್ಚವನ್ನೆಲ್ಲ ಬಸುರಿಯೊಬ್ಬಳ ಬೆನ್ನಿನ ಮೇಲೆ ಹೊರಿಸುವುದು ಯಾವ ಲೆಕ್ಕ? ೨೦೨೩ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಕೊಳ್ಳೇಗಾಲದ ಹೆಣ್ಣುಮಕ್ಕಳು ಮೈಸೂರಿಗೆ ಟಿಕೆಟಿಲ್ಲದೆ ಹೋಗಿಬರುತ್ತಾರೆ, ಸಂತೋಷ. ಬಸ್ಸೇ ಬಾರದ ಊರಿಗೆ ಆ ಉಚಿತ ಪ್ರಯಾಣ ದೊರೆಯುವುದೆಲ್ಲಿ? ೨೦೨೫ರ ಏಪ್ರಿಲ್ ೨೪ರಂದು ರಾಜ್ಯದ ಮಂತ್ರಿಮಂಡಲವೇ ಬೆಟ್ಟಕ್ಕೆ ಬಂದು ಸಭೆ ಸೇರಿತು. ಮಂತ್ರಿಗಳ ಕಾರುಗಳು ಬಂದ ರಸ್ತೆ ದೇವಸ್ಥಾನದವರೆಗೆ ಚೆನ್ನಾಗಿಯೇ ಇದೆ.

ಆಗದ ಕೆಲಸವೇನೂ ಇದಲ್ಲ ಎಂಬುದಕ್ಕೆ ಸಾಕ್ಷಿ ದೂರವಿಲ್ಲ. ಹನೂರು ತಾಲ್ಲೂಕಿನದೇ ಒಡೆಯರಪಾಳ್ಯದಲ್ಲಿ ಎಪ್ಪತ್ತರ ದಶಕದಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದರು. ಅದೇ ಮಳೆಯಾಶ್ರಿತ ಭೂಮಿ, ಅದೇ ಮುಸುಕಿನ ಜೋಳ, ಅದೇ ಆನೆಯ ಕಾಟ. ಆದರೂ ಶಾಲೆ, ದವಾಖಾನೆ, ಸಹಕಾರ ಸಂಘ ಈ ಮೂರನ್ನು ಅವರು ಮೊದಲಿಗೇ ಕಟ್ಟಿಕೊಂಡರು.

ಯಳಂದೂರಿನ ಕಥೆ ಇನ್ನೂ ಹತ್ತಿರದ್ದು. ಡಾ. ಎಚ್. ಸುದರ್ಶನ್ ೧೯೭೯ರಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ಸೋಲಿಗರ ಪೋಡುಗಳಲ್ಲಿ ನಡೆದಾಡಿ ಔಷಧ ಕೊಡಲಾರಂಭಿಸಿದರು. ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. ೧೯೮೬ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗದ ನಿವಾರಣೆಗೆಂದು ಕರುಣಾ ಟ್ರಸ್ಟ್ ಆರಂಭವಾಯಿತು. ೧೯೯೬ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತವನ್ನು ಅದಕ್ಕೆ ವಹಿಸಿಕೊಟ್ಟಿತು. ಸೋಲಿಗ ಹುಡುಗಿಯರೇ ಆರೋಗ್ಯ ಸಹಾಯಕಿಯರಾಗಿ ತರಬೇತಿ ಪಡೆದರು. ಮೈಸೂರಿನಿಂದ ನೇಮಕವಾಗಿ ಬಂದು ಮರುದಿನವೇ ವರ್ಗಾವಣೆಗೆ ಅರ್ಜಿ ಹಾಕುವವರ ಬದಲು, ಆ ಕಾಡನ್ನೂ ಆ ಭಾಷೆಯನ್ನೂ ಬಲ್ಲವಳು ಅಲ್ಲೇ ಉಳಿದಳು. ಇದು ಕಲುತರದ ಉಪಾಯವೇ. ನಮ್ಮ ಯಳಂದೂರಿಗೆ ಬರುವಾಗ ಎಪ್ಪತ್ತು ವರ್ಷ ಕಳೆದಿತ್ತು, ಅದೂ ಸರ್ಕಾರದ ಕ್ರಮದಿಂದಲ್ಲ, ಒಬ್ಬ ವೈದ್ಯರ ಹಟದಿಂದ. ಯಳಂದೂರಿನಿಂದ ಹನೂರಿನ ಕಾಡಿನ ಊರುಗಳಿಗೆ ಅದು ಇಂದಿಗೂ ಅದೇ ಬಲದಿಂದ ದಾಟಿ ಬಂದಿಲ್ಲ.

ನಮ್ಮ ಧರ್ಮಕೇಂದ್ರಗಳ ಮನೆಮನೆಯಲ್ಲೂ ಒಬ್ಬಳಾದರೂ ಹುಡುಗಿ ದಾದಿಯ ಶಿಕ್ಷಣ ಪಡೆಯುತ್ತಿರುವ ಕಾಲವಿದು. ಅವರು ಹೊರದೇಶಕ್ಕೆ ಹೋಗುವುದನ್ನು ಆಕ್ಷೇಪಿಸುವ ಅಧಿಕಾರ ಯಾರಿಗೂ ಇಲ್ಲ. ಕಟ್ಟಿದ ಶುಲ್ಕದ ಸಾಲ ಅವರನ್ನು ವಿಮಾನ ಹತ್ತಿಸುತ್ತದೆ. ಆದರೂ ಒಂದು ವಿಚಿತ್ರ ನಮ್ಮ ಕಣ್ಣೆದುರಿಗಿದೆ. ಕುವೈತ್‌ನ ತಾಯಂದಿರ ಹೆರಿಗೆ ಮಾಡಿಸಲು ಹನೂರಿನ ಹುಡುಗಿ ಇದ್ದಾಳೆ, ಹನೂರಿನ ಬೆಟ್ಟದ ತಾಯಿಗೆ ಡೋಲಿ ಹೊರುವ ನಾಲ್ವರು ಮಾತ್ರ ಇದ್ದಾರೆ.

ಹೊರಡುವ ಮುನ್ನ ಆ ಹುಡುಗಿಯನ್ನು ನಾವು ಸುಮ್ಮನೆ ಕೇಳಿದೆವು: ನಿನಗೆ ಅಲ್ಲಿನ ಸಂಬಳದ ಅರ್ಧ ಕೊಟ್ಟರೆ ಬೆಟ್ಟದ ಉಪಕೇಂದ್ರಕ್ಕೆ ಬರುತ್ತೀಯಾ? ಆಕೆ ತಮಾಷೆಯೆಂದು ತಳ್ಳಿಹಾಕಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು. "ಸಂಬಳದ ಮಾತು ಆಮೇಲೆ ಅಣ್ಣ. ಅಲ್ಲಿ ನಾನು ಉಳಿಯೋಕೆ ಮನೆ ಇದೆಯಾ? ರಾತ್ರಿ ಒಂದು ಕೇಸು ಕಷ್ಟವಾದರೆ ಕೆಳಕ್ಕೆ ತರೋಕೆ ಗಾಡಿ ಇದೆಯಾ? ಫೋನ್ ಮಾಡೋಕೆ ಸಿಗ್ನಲ್ ಇದೆಯಾ?"

ಮೂರಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಜನವರಿಯ ಮೊದಲ ವಾರದಲ್ಲಿ ಆಕೆ ಕುವೈತ್‌ಗೆ ಮರಳಿದಳು.